ಸಾಕುವ ಮಾತು, ಸಾಕೆನ್ನುವ ಮಾತು

ಒಂದೊಂದು ಕಾಲದ ಜನ ಯಾವ ಪ್ರಾಣಿಗೆ ಹೆದರಿದರು, ಯಾವ ಪ್ರಾಣಿಯನ್ನು ಮನೆಯೊಳಕ್ಕೆ ಬರಮಾಡಿಕೊಂಡರು ಎಂಬುದನ್ನು ನೋಡಿದರೆ ಆ ಕಾಲದ ಮನಸ್ಸಿನ ಅಳತೆ ಸ್ವಲ್ಪಮಟ್ಟಿಗೆ ಸಿಕ್ಕುತ್ತದೆ. 1866ರಲ್ಲಿ ಪ್ರಕಟವಾದ ವಿಕ್ಟರ್ ಹ್ಯೂಗೋನ ಕಡಲ ಕಾದಂಬರಿಯಲ್ಲಿ ಆಕ್ಟೋಪಸ್ ಒಂದು ಘೋರ ರಾಕ್ಷಸ. ನೀರಿನ ಗವಿಯಲ್ಲಿ ಹೊಂಚು ಹಾಕಿ ನಾಯಕನ ಮೈಗೆ ಸುತ್ತಿಕೊಳ್ಳುವ ಜೀವಂತ ದುಃಸ್ವಪ್ನ. ಒಂಬತ್ತು ವರ್ಷಗಳ ತರುವಾಯ, 1875ರಲ್ಲಿ, ಇಂಗ್ಲೆಂಡಿನ ಬ್ರೈಟನ್ ಅಕ್ವೇರಿಯಂನಲ್ಲಿದ್ದ ಹೆನ್ರಿ ಲೀ ಎಂಬ ಪ್ರಕೃತಿವಿಜ್ಞಾನಿ ಈ ಪ್ರಾಣಿಯನ್ನು ಕುರಿತೇ ಒಂದು ಪುಸ್ತಕ ಬರೆದು, ಕಥೆಯ ರಾಕ್ಷಸನೆಷ್ಟು, ನಿಜದ ಜೀವಿಯೆಷ್ಟು ಎಂದು ಬಿಡಿಸಿ ತೋರಿಸಿದ. ಅವನ ಅಕ್ವೇರಿಯಂನಲ್ಲಿ ಒಂದು ತೊಟ್ಟಿಯ ಮೀನುಗಳು ಒಂದೊಂದಾಗಿ ಮಾಯವಾಗುತ್ತಿದ್ದುವಂತೆ. ಕಳ್ಳ ಸಿಕ್ಕಿಬಿದ್ದಾಗ ನೋಡಿದರೆ, ಅದು ಪಕ್ಕದ ತೊಟ್ಟಿಯಿಂದ ಬಂದಿದ್ದ ಆಕ್ಟೋಪಸ್! ರಾಕ್ಷಸ ಪದವಿಯಿಂದ ಕಳ್ಳನ ಪದವಿಗೆ ಇಳಿದದ್ದು ಒಂದು ರೀತಿಯಲ್ಲಿ ಬಡ್ತಿಯೇ ಸರಿ. ಕಳ್ಳನಿಗೆ ಬುದ್ಧಿ ಬೇಕಷ್ಟೆ.

ಆಮೇಲೆ ನೂರೈವತ್ತು ವರ್ಷ ಕಳೆಯುವುದರೊಳಗಾಗಿ ಆಕ್ಟೋಪಸ್ ಮನೆಯ ನಡುಕೋಣೆಗೇ ಬಂದು ಕುಳಿತಿದೆ. 2019ರಲ್ಲಿ ತೆರೆಕಂಡ ಒಂದು ಸಾಕ್ಷ್ಯಚಿತ್ರ ಈ ಪ್ರವೇಶದ ಕಥೆ. ಅಮೆರಿಕದ ದೂರದರ್ಶನದಲ್ಲಿ ಇದರ ಹೆಸರು ‘ಆಕ್ಟೋಪಸ್: ಮೇಕಿಂಗ್ ಕಾಂಟ್ಯಾಕ್ಟ್’. ಬ್ರಿಟನ್ನಿನ ಬಿಬಿಸಿಯಲ್ಲಿ ಇದೇ ಚಿತ್ರಕ್ಕೆ ‘ದಿ ಆಕ್ಟೋಪಸ್ ಇನ್ ಮೈ ಹೌಸ್’ ಎಂಬ ಹೆಸರು. ಒಂದು ಹೆಸರು ‘ಸಂಪರ್ಕ’ ಎನ್ನುತ್ತದೆ, ಇನ್ನೊಂದು ‘ನನ್ನ ಮನೆ’ ಎನ್ನುತ್ತದೆ. ಈ ಎರಡರ ನಡುವಣ ಅಂತರದಲ್ಲಿಯೇ ಚಿತ್ರದ ಗುಣವೂ ಇದೆ, ದೋಷವೂ ಇದೆ ಎಂಬುದು ನನ್ನ ಅಭಿಪ್ರಾಯ.

ಮುಂದುವರಿಯುವ ಮೊದಲು ಹೆಸರಿನ ಬಗ್ಗೆ ಒಂದು ಮಾತು. ಎಂಟು ಕೈಗಳ ಈ ಪ್ರಾಣಿಯನ್ನು ಕೆಲವರು ‘ಅಷ್ಟಪದಿ’ ಎಂದು ಕರೆಯುವುದುಂಟು. ಆದರೆ ಅಷ್ಟಪದಿ ಎಂದೊಡನೆ ನಮಗೆ ಜಯದೇವ ಕವಿಯ ನೆನಪಾಗುತ್ತದೆಯೇ ಹೊರತು ಕಡಲ ಬಂಡೆಯ ಬಿಲವಲ್ಲ. ಆದ್ದರಿಂದ ನಾನು ಆಕ್ಟೋಪಸ್ ಎಂದೇ ಬರೆಯುತ್ತೇನೆ. ಚಿತ್ರದಲ್ಲಿ ಅದನ್ನು ‘ಅವಳು’ ಎನ್ನುತ್ತಾರೆ. ನಾನು ಕನ್ನಡದ ವಾಡಿಕೆಯಂತೆ ‘ಅದು’ ಎನ್ನುತ್ತೇನೆ. ಇದರಲ್ಲಿ ಅಗೌರವವಿಲ್ಲ, ನಮ್ಮ ನಂಟಸ್ತಿಕೆಯ ಲೆಕ್ಕಕ್ಕೆ ಸೇರದ ಒಂದು ಜೀವಿಗೆ ಸಲ್ಲಬೇಕಾದ ದೂರವನ್ನು ನಮ್ಮ ವ್ಯಾಕರಣ ತಾನಾಗಿಯೇ ಕಾಯ್ದುಕೊಡುತ್ತದೆ.

ಕಥೆ ಸರಳವಾದದ್ದು. ಅಲಾಸ್ಕಾದ ಆ್ಯಂಕರೇಜ್ ನಗರದಲ್ಲಿ ಅಲಾಸ್ಕಾ ಪೆಸಿಫಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಡೇವಿಡ್ ಶೀಲ್ ಅವರು ಬಹುಕಾಲದಿಂದ ಆಕ್ಟೋಪಸ್‌ಗಳ ಅಭ್ಯಾಸದಲ್ಲಿ ತೊಡಗಿದವರು. ಅವರು ತಮ್ಮ ಮನೆಯಲ್ಲಿಯೇ ಒಂದು ದೊಡ್ಡ ಗಾಜಿನ ತೊಟ್ಟಿಯನ್ನಿಟ್ಟು, ಹದಿಹರೆಯದ ಮಗಳೊಡನೆ ಒಂದು ಆಕ್ಟೋಪಸ್ಸನ್ನು ಸಾಕುತ್ತಾರೆ. ಮೊದಮೊದಲು ಸದಾ ಅಡಗಿಕೊಳ್ಳುತ್ತಿದ್ದುದರಿಂದ ಅದಕ್ಕೆ ಹೈಡಿ ಎಂದು ಹೆಸರು. ಇಂಗ್ಲಿಷಿನಲ್ಲಿ ಅಡಗು ಎಂಬ ಮಾತಿನ ಮೇಲಿನ ಶ್ಲೇಷೆ. ಬರುಬರುತ್ತ ಅದು ಮನೆಯವರನ್ನು ಕಂಡರೆ ಗಾಜಿನ ಬಳಿಗೆ ಬರುತ್ತದೆ, ಮುಚ್ಚಿಟ್ಟ ತಿನಿಸನ್ನು ಬಿಡಿಸಿಕೊಳ್ಳುತ್ತದೆ, ಮಗಳು ನೀರಿಗೆ ಕೈಯಿಟ್ಟರೆ ಆ ಕೈಯನ್ನು ಹಿಡಿದುಕೊಳ್ಳುತ್ತದೆ.

ಚಿತ್ರದ ಗುಣವೇನೆಂದರೆ, ಅದು ಅವಸರಪಡುವುದಿಲ್ಲ. ಬೆನ್ನೆಲುಬಿಲ್ಲದ ಒಂದು ಪ್ರಾಣಿ, ಶಂಖ ಬಸವನಹುಳುಗಳ ಬಳಗಕ್ಕೆ ಸೇರಿದ್ದು, ತಿರುಗಿ ನೋಡುತ್ತದೆ, ನೋಡುತ್ತಿರುವವನನ್ನು ಗುರುತಿಸುತ್ತದೆ. ಈ ಸಂಗತಿಯನ್ನು ಚಿತ್ರ ನಮ್ಮ ಕಣ್ಣ ಮುಂದೆ ನಿಧಾನವಾಗಿ ನಡೆಯಗೊಡುತ್ತದೆ. ಮೂರು ಹೃದಯ, ನೀಲಿ ರಕ್ತ, ಸುಮಾರು 50 ಕೋಟಿ ನರಕೋಶಗಳು, ಅವುಗಳಲ್ಲಿ ಮೂರನೆಯ ಎರಡು ಪಾಲು ಕೈಗಳಲ್ಲಿಯೇ—ಇಂಥ ವಿವರಗಳನ್ನು ಪುಸ್ತಕದಲ್ಲಿ ಓದಿ ಬೆರಗಾಗುವುದು ಬೇರೆ. ಎಂಟು ಕೈಗಳು ಎಂಟು ಯೋಚನೆಗಳಂತೆ ಓಡಾಡುವುದನ್ನು ಕಾಣುವುದು ಬೇರೆ.

ಇಷ್ಟು ಹೇಳಿದ ಮೇಲೆ ಚಿತ್ರದ ಅತಿ ಪ್ರಸಿದ್ಧವಾದ ದೃಶ್ಯಕ್ಕೆ ಬರಬೇಕು. ರಾತ್ರಿ. ಹೈಡಿ ತೊಟ್ಟಿಯ ಗಾಜಿಗೆ ಅಂಟಿಕೊಂಡು ನಿದ್ರಿಸುತ್ತಿದೆ. ಬಿಳಿಚಿದ ಮೈ ಇದ್ದಕ್ಕಿದ್ದಂತೆ ಹಳದಿಗೆ ತಿರುಗುತ್ತದೆ, ಕಪ್ಪಾಗುತ್ತದೆ, ಆಮೇಲೆ ಚುಕ್ಕೆ ಚುಕ್ಕೆಯಾಗಿ ಒರಟಾಗುತ್ತದೆ. ಪಕ್ಕದಲ್ಲಿ ಶೀಲ್ ಅವರ ಕಂಠ ವಿವರಣೆ ಕೊಡುತ್ತದೆ: ಇದು ಕನಸಾಗಿದ್ದರೆ, ಕನಸಿನಲ್ಲಿ ಅದು ಒಂದು ಏಡಿಯನ್ನು ಕಂಡಿದೆ, ಹಿಡಿದಿದೆ, ಈಗ ಯಾರಿಗೂ ಕಾಣದಂತೆ ಕುಳಿತು ತಿನ್ನುತ್ತಿದೆ. ಕೋಟಿಗಟ್ಟಲೆ ಜನ ಬಲ್ಲ ದೃಶ್ಯ ಇದೇ. ಸುಂದರವಾದದ್ದೆಂಬುದರಲ್ಲಿ ಸಂದೇಹವಿಲ್ಲ. ಆದರೆ ವಿಮರ್ಶಕನಾದವನು ಇಲ್ಲಿ ತಡೆದು ನಿಲ್ಲಬೇಕಾಗುತ್ತದೆ.

ಶೀಲ್ ಅವರು ‘ಆಗಿದ್ದರೆ’ ಎಂದೇ ಮಾತು ತೊಡಗುತ್ತಾರೆ. ವಿಜ್ಞಾನಿಯ ಎಚ್ಚರ ಅವರಲ್ಲಿದೆ. ಆದರೆ ಆ ಒಂದು ‘ಆಗಿದ್ದರೆ’ ಬಣ್ಣಗಳ ಪ್ರವಾಹದಲ್ಲಿ ಕೊಚ್ಚಿಹೋಗುತ್ತದೆ. ನೋಡಿದವನ ಮನಸ್ಸಿನಲ್ಲಿ ಉಳಿಯುವುದು ಏಡಿಯ ಕಥೆ ಮಾತ್ರ. ಈ ಚಿತ್ರದ ನಂತರ ವಿಜ್ಞಾನ ಮುಂದೆ ಹೋಗಿದೆ. 2021ರಲ್ಲಿ ಬ್ರೆಜಿಲ್‌ನ ಸಂಶೋಧಕರು ಆಕ್ಟೋಪಸ್ಸಿಗೆ ನಿಶ್ಶಬ್ದ ನಿದ್ರೆ, ಚಂಚಲ ನಿದ್ರೆ ಎಂದು ಎರಡು ಬಗೆಯ ನಿದ್ರೆಗಳುಂಟೆಂದು ತೋರಿಸಿದರು. 2023ರಲ್ಲಿ ಜಪಾನಿನ ಓಕಿನಾವಾದ ಸಂಶೋಧಕರು, ಚಂಚಲ ನಿದ್ರೆಯಲ್ಲಿ ಮಿದುಳಿನ ಚಟುವಟಿಕೆಯೂ ಚರ್ಮದ ಚಿತ್ತಾರವೂ ಎಚ್ಚರದಲ್ಲಿನವನ್ನು ಹೋಲುತ್ತವೆಂದು ಕಂಡರು. ಊಹೆಗೆ ಇದರಿಂದ ಬಲ ಬಂದದ್ದು ನಿಜ, ಅದು ಸಿದ್ಧಾಂತವಾಗಲಿಲ್ಲ. ಎಚ್ಚರವನ್ನು ಹೋಲುವ ನಿದ್ರೆ ಉಂಟು ಎನ್ನುವುದಕ್ಕೂ, ಆ ನಿದ್ರೆಯಲ್ಲಿ ಏಡಿಯ ಬೇಟೆ ನಡೆಯಿತು ಎನ್ನುವುದಕ್ಕೂ ನಡುವೆ ಒಂದು ದೊಡ್ಡ ಹೊಳೆ ಹರಿಯುತ್ತಿದೆ. ಚಿತ್ರ ಅದನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತದೆ.

ಕೈ ಹಿಡಿಯುವ ದೃಶ್ಯದ ಪಾಡೂ ಇದೇ. ಮಗಳ ಬೆರಳಿಗೆ ಆಕ್ಟೋಪಸ್ಸಿನ ಕೈ ಸುತ್ತಿಕೊಂಡಾಗ ನಮಗೆ ಕಾಣುವುದು ಗೆಳೆತನ. ಆದರೆ ಆ ಕೈಯ ಒಂದೊಂದು ಹೀರುಬಟ್ಟಲೂ ಸ್ಪರ್ಶದ ಜೊತೆಗೆ ರುಚಿಯನ್ನೂ ಅರಿಯಬಲ್ಲದು. ಹಾರ್ವರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2020ರಲ್ಲಿ ಇದಕ್ಕೆ ಕಾರಣವಾದ ವಿಶೇಷ ಗ್ರಾಹಕಗಳನ್ನೇ ಗುರುತಿಸಿದರು. ನಾವು ಕೈಕುಲುಕಿದೆವೆಂದು ಹಿಗ್ಗುತ್ತಿರುವಾಗ ಅದು ನಮ್ಮ ರುಚಿ ನೋಡುತ್ತಿತ್ತು! ಇದರಿಂದ ಆ ಕ್ಷಣದ ಮಹತ್ವ ಕುಗ್ಗುವುದಿಲ್ಲ. ನನ್ನ ಮಟ್ಟಿಗೆ ಹೆಚ್ಚುತ್ತದೆ. ಎರಡು ಜೀವಗಳು ಒಂದನ್ನೊಂದು ಮುಟ್ಟಿ, ಎರಡು ಬೇರೆ ಬೇರೆ ಅರ್ಥಗಳನ್ನು ಪಡೆದುವು. ‘ಸಂಪರ್ಕ’ ಎಂಬ ಹೆಸರಿಗೆ ನ್ಯಾಯ ಸಲ್ಲುವುದು ಇಂಥಲ್ಲಿ. ಅದನ್ನು ಗೆಳೆತನವೆಂದು ಕರೆದೊಡನೆ ಚಿತ್ರ ಮತ್ತೆ ‘ನನ್ನ ಮನೆ’ಗೆ ಹಿಂತಿರುಗಿಬಿಡುತ್ತದೆ.

ಇಷ್ಟೆಲ್ಲ ತರ್ಕ ಏಕೆ, ಒಂದು ಗಂಟೆಯ ಚಿತ್ರ, ನೋಡಿ ಸಂತೋಷಪಟ್ಟರಾಯಿತು ಎನ್ನುವವರೂ ಇರಬಹುದು. ಆದರೆ ಸುಂದರವಾದದ್ದನ್ನು ಕಂಡಾಗ ತನಗೂ ಒಂದು ಬೇಕೆನಿಸುವುದು ಮನುಷ್ಯನ ಹಳೆಯ ಚಾಳಿ. ಆದ್ದರಿಂದ ಆ ಗಾಜಿನ ತೊಟ್ಟಿಯ ಹಿಂದಿರುವ ಸಂಗತಿಗಳನ್ನು ಇಲ್ಲಿ ಎಣಿಸುವುದು ಅಪ್ರಸ್ತುತವಾಗಲಾರದು.

ಹೈಡಿಯ ಜಾತಿ ಅಲಾಸ್ಕಾದ್ದಲ್ಲ. ಹವಾಯಿಯಿಂದ ಆಫ್ರಿಕದ ಪೂರ್ವ ಕರಾವಳಿಯವರೆಗೆ, ಹಿಂದೂ ಮಹಾಸಾಗರವೂ ಸೇರಿ, ಬೆಚ್ಚಗಿನ ಹವಳದ ದಿಬ್ಬಗಳಲ್ಲಿ ಬದುಕುವ ಹಗಲು ಆಕ್ಟೋಪಸ್ ಅದು. ಹೆಚ್ಚಿನ ಜಾತಿಗಳು ರಾತ್ರಿ ತಿರುಗುವಂಥವು. ಇದು ಹಗಲಿನಲ್ಲಿ ಬೇಟೆಯಾಡುತ್ತದೆ. ಮನೆಮಂದಿ ಎಚ್ಚರವಿರುವ ಹೊತ್ತಿಗೆ ಇದೂ ಎಚ್ಚರವಿರುತ್ತದೆ. ಹಿಮದ ನಾಡಿನ ಮನೆಯೊಂದರಲ್ಲಿ ಅದಕ್ಕಾಗಿ ಒಂದು ಉಷ್ಣವಲಯದ ಸಮುದ್ರವನ್ನೇ ಕಾಯ್ದುಕೊಳ್ಳಬೇಕು. ಆಕ್ಟೋಪಸ್ ಮಾಂಸಾಹಾರಿ, ಅದರ ಕಲ್ಮಷದಿಂದ ನೀರಿನಲ್ಲಿ ಅಮೋನಿಯ ಬೇಗ ಏರುತ್ತದೆ. ಆ ವಿಷವನ್ನು ಅರಗಿಸುವ ಸೂಕ್ಷ್ಮಜೀವಿಗಳು ತೊಟ್ಟಿಯಲ್ಲಿ ನೆಲೆಯೂರಲು ವಾರಗಟ್ಟಲೆ ಬೇಕು. ನೀರಿನಲ್ಲಿ ತಾಮ್ರದ ಅಂಶ ಸೇರಿದರೆ ಅಲ್ಲಿಗೆ ಮುಗಿಯಿತು. ಜೊತೆಗೆ ಬಿಟ್ಟ ಮೀನು, ಸಿಗಡಿಗಳೆಲ್ಲ ಅದರ ಊಟವೇ. ಮುಚ್ಚಳ ಭದ್ರವಾಗಿರಬೇಕು, ಮೈಯಲ್ಲಿ ಗಟ್ಟಿಯಾದ ಭಾಗವೆಂದರೆ ಮುಖ್ಯವಾಗಿ ಕೊಕ್ಕೊಂದೇ ಆದುದರಿಂದ, ಕೊಕ್ಕು ತೂರುವ ಕಿಂಡಿಯಲ್ಲಿ ಇಡಿಯ ಪ್ರಾಣಿಯೇ ತೂರಿಹೋಗುತ್ತದೆ. 2016ರಲ್ಲಿ ನ್ಯೂಜಿಲೆಂಡಿನ ನೇಪಿಯರ್ ಅಕ್ವೇರಿಯಂನ ಇಂಕಿ ಎಂಬ ಆಕ್ಟೋಪಸ್ ತೊಟ್ಟಿಯಿಂದ ಹೊರಬಿದ್ದು, ನೆಲದ ಮೇಲೆ ತೆವಳಿ, ಚರಂಡಿಯ ಕೊಳವೆಯ ಮೂಲಕ ಕಡಲಿಗೆ ಹೋದದ್ದನ್ನು ಪತ್ರಿಕೆಗಳು ವಿನೋದವಾಗಿ ಬರೆದುವು. ಅದರ ಕಡೆಯಿಂದ ನೋಡಿದರೆ ಅದರಲ್ಲಿ ವಿನೋದವೇನಿತ್ತೋ!

ಎಲ್ಲಕ್ಕಿಂತ ಮಿಗಿಲಾದದ್ದು ಆಯುಸ್ಸು. ಈ ಜಾತಿಯ ಬದುಕು ಸುಮಾರು ಒಂದು ವರ್ಷದ್ದು. ಹೆಣ್ಣು ಮೊಟ್ಟೆಯಿಟ್ಟ ಮೇಲೆ ಅನ್ನ ಬಿಡುತ್ತದೆ, ಮೊಟ್ಟೆಗಳನ್ನು ಕಾಯುತ್ತ ಸವೆದು ಸಾಯುತ್ತದೆ. 1977ರಲ್ಲಿ ಜೆರೋಮ್ ವೊಡಿನ್‌ಸ್ಕಿ ಎಂಬ ವಿಜ್ಞಾನಿ ಕಣ್ಣಿನ ಹಿಂದಿರುವ ಒಂದು ಜೊತೆ ಗ್ರಂಥಿಗಳನ್ನು ತೆಗೆದು ನೋಡಿದ. ತಾಯಿ ಕಾವಲು ಬಿಟ್ಟಿತು, ಮತ್ತೆ ತಿನ್ನತೊಡಗಿತು, ಹೆಚ್ಚುಕಾಲ ಬದುಕಿತು. ಸಾವು ಅದರ ಮೈಯಲ್ಲಿಯೇ ಬರೆದಿಟ್ಟ ಕಟ್ಟಳೆ ಎಂಬುದು ಅಂದಿಗೆ ಸ್ಪಷ್ಟವಾಯಿತು. ಮೊಟ್ಟೆಯೊಡೆದ ಮರಿಗಳು ಅತಿ ಸಣ್ಣವು. ತೆರೆದ ಕಡಲಿನಲ್ಲಿ ತೇಲಿ ಬೆಳೆಯತಕ್ಕವು. ಅವನ್ನು ತೊಟ್ಟಿಯಲ್ಲಿ ಉಳಿಸಿಕೊಳ್ಳುವುದು ಬಹು ಕಷ್ಟ. ಆದಕಾರಣ ಇಂಥ ಆಕ್ಟೋಪಸ್ ಒಂದು ಮನೆಗೆ ಬಂತೆಂದರೆ ಯಾವುದೋ ಹವಳದ ದಿಬ್ಬದಿಂದ ಹಿಡಿದು ತಂದದ್ದೆಂದೇ ತಿಳಿಯಬೇಕು. ನಾಯಿಯಂತೆ ಸಾವಿರಾರು ವರ್ಷ ನಮ್ಮ ಬಾಗಿಲಲ್ಲಿ ಬೆಳೆದ ಬಳಗವಲ್ಲ ಅದು. ಒಂದು ವರ್ಷದ ಆಯುಸ್ಸಿನಲ್ಲಿ ಆರು ತಿಂಗಳನ್ನು ನಮ್ಮ ನಡುಕೋಣೆಗೆ ತೆತ್ತರೆ, ಅದು ತೆತ್ತದ್ದು ಅರ್ಧ ಜನ್ಮ.

ಇದಕ್ಕೆ ಎದುರಾಗಿ ಒಂದು ಬಲವಾದ ವಾದವಿದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಆಕ್ಟೋಪಸ್ಸಿನ ಬುದ್ಧಿಯನ್ನು ಕುರಿತು ನಮಗಿರುವ ಅರಿವಿನ ದೊಡ್ಡ ಪಾಲು ತೊಟ್ಟಿಗಳಿಂದಲೇ ಬಂದದ್ದು. 1959ರಲ್ಲಿ ಪೀಟರ್ ಡ್ಯೂಸ್ ಎಂಬ ವಿಜ್ಞಾನಿ ನೇಪಲ್ಸ್‌ನಲ್ಲಿ ಮೂರು ಆಕ್ಟೋಪಸ್‌ಗಳಿಗೆ ಸನ್ನೆ ಎಳೆದು ಆಹಾರ ಪಡೆಯುವುದನ್ನು ಕಲಿಸಹೊರಟ ವರದಿಯನ್ನು ಪ್ರಕಟಿಸಿದ. ಆಲ್ಬರ್ಟ್, ಬರ್ಟ್ರಾಮ್ ಎಂಬ ಎರಡು ಕಲಿತವು. ಚಾರ್ಲ್ಸ್ ಎಂಬುದು ಸನ್ನೆಯನ್ನೇ ಮುರಿಯಿತು, ದೀಪವನ್ನು ನೀರಿಗೆಳೆಯಿತು, ಪ್ರಯೋಗ ನಡೆಸುವವನ ಮೇಲೆ ನೀರು ಚಿಮ್ಮಿತು. 1999ರಲ್ಲಿ ಜೆನಿಫರ್ ಮೇದರ್ ಮತ್ತು ರೋಲೆಂಡ್ ಆ್ಯಂಡರ್ಸನ್ ಅವರು, ಸಿಯಾಟಲ್ ಅಕ್ವೇರಿಯಂನ ಎಂಟು ಆಕ್ಟೋಪಸ್‌ಗಳಲ್ಲಿ ಎರಡು ತೇಲುವ ಸೀಸೆಯೊಂದನ್ನು ಮತ್ತೆ ಮತ್ತೆ ನೀರಿನ ಸೆಳೆತಕ್ಕೆ ಊದಿ ಆಟವಾಡಿದ್ದನ್ನು ವರದಿ ಮಾಡಿದರು. ಇಂಥ ಸಾಕ್ಷ್ಯಗಳು ಕೂಡಿಬಂದುದರಿಂದಲೇ ಬ್ರಿಟನ್ ತನ್ನ 2022ರ ಕಾನೂನಿನಲ್ಲಿ ಆಕ್ಟೋಪಸ್ಸನ್ನು ನೋವು ನಲಿವು ಬಲ್ಲ ಜೀವಿಗಳ ಸಾಲಿಗೆ ಸೇರಿಸಿತು. ಸೆರೆಯಲ್ಲಿದ್ದವು ನುಡಿದ ಸಾಕ್ಷಿಯಿಂದ ಕಡಲಲ್ಲಿರುವವಕ್ಕೂ ಮಾನ ಬಂತು. ಆದರೆ ಒಂದು ಪ್ರಶ್ನೆಯನ್ನಿಟ್ಟುಕೊಂಡು ನಡೆಸುವ ತೊಟ್ಟಿಗೂ, ಒಂದು ಆಸೆಯನ್ನಿಟ್ಟುಕೊಂಡು ತುಂಬಿಸುವ ತೊಟ್ಟಿಗೂ ಭೇದವಿದೆ. ಶೀಲ್ ಅವರ ಮನೆಯಲ್ಲಿ ಎರಡೂ ಒಂದೇ ನೀರಿನಲ್ಲಿ ಕಲಸಿಹೋಗಿವೆ. ಚಿತ್ರದ ಆಕರ್ಷಣೆಯೂ ತೊಡಕೂ ಅದೇ.

ಇತರರು ಈ ತೊಡಕನ್ನು ಹೇಗೆ ಬಿಡಿಸಿಕೊಂಡರು? ಸೈ ಮಾಂಟ್‌ಗೊಮರಿ ಅವರ ‘ದಿ ಸೋಲ್ ಆಫ್ ಆ್ಯನ್ ಆಕ್ಟೋಪಸ್’ (2015) ಬಾಸ್ಟನ್ ಅಕ್ವೇರಿಯಂನ ಕಥೆ. ಭಾವುಕತೆ ಅಲ್ಲಿಯೂ ಧಾರಾಳವಾಗಿದೆ. ಆದರೆ ಬಹುದಿನ ಪೀಪಾಯಿಯಲ್ಲಿದ್ದ ಕಾಳಿ ಎಂಬ ಆಕ್ಟೋಪಸ್ಸನ್ನು ದೊಡ್ಡ ತೊಟ್ಟಿಗೆ ಬಿಟ್ಟ ಮೇಲೆ, ಅದು ಸಣ್ಣ ಕಂಡಿಯಿಂದ ತಪ್ಪಿಸಿಕೊಂಡು ಹೊರಗೆ ಬಿದ್ದು ಸತ್ತದ್ದನ್ನು ಲೇಖಕಿ ಬಚ್ಚಿಡದೆ ಹೇಳುತ್ತಾರೆ. ಪ್ರೀತಿಯೂ ಕೊಲ್ಲಬಲ್ಲದೆಂಬ ಆ ಪುಟಗಳೇ ಪುಸ್ತಕದ ಪ್ರಾಮಾಣಿಕತೆಗೆ ಸಾಕ್ಷಿ. 2021ರಲ್ಲಿ ಆಸ್ಕರ್ ಪಡೆದ ‘ಮೈ ಆಕ್ಟೋಪಸ್ ಟೀಚರ್’ ಚಿತ್ರದಲ್ಲಿ ಕ್ರೇಗ್ ಫಾಸ್ಟರ್ ಪ್ರಾಣಿಯನ್ನು ಮನೆಗೆ ತರುವುದಿಲ್ಲ. ದಕ್ಷಿಣ ಆಫ್ರಿಕದ ತಣ್ಣನೆಯ ಕಡಲಿಗೆ ದಿನದಿನವೂ ತಾನೇ ಹೋಗುತ್ತಾನೆ. ಶಾರ್ಕ್ ಬಂದು ಅದರ ಕೈಯನ್ನು ಕಿತ್ತಾಗಲೂ ತಡೆಯಲು ಹೋಗುವುದಿಲ್ಲ. ಆಕ್ಟೋಪಸ್ಸಿಗೆ ಗುರುಪೀಠ ಕೊಟ್ಟದ್ದು ಅತಿಯಾಯಿತೆಂದೇ ನನ್ನೆಣಿಕೆ; ಆದರೂ ಅಲ್ಲಿ ಅತಿಥಿಯಾಗಿರುವವನು ಮನುಷ್ಯ. ನಮ್ಮಲ್ಲಿ ತೇಜಸ್ವಿಯವರ ‘ಕರ್ವಾಲೊ’ (1980) ಇನ್ನೂ ಒಂದು ಹೆಜ್ಜೆ ಮುಂದಿದೆ. ಇಡೀ ಕಾದಂಬರಿ ಹುಡುಕಿಹೊರಟ ಹಾರುವ ಓತಿ ಕೊನೆಗೆ ಕೈಗೆ ಸಿಕ್ಕದೆ ಕಣಿವೆಯ ಆಳಕ್ಕೆ ತೇಲಿಹೋಗುತ್ತದೆ. ಅದು ತಪ್ಪಿಹೋದದ್ದರಿಂದಲೇ ನಮ್ಮ ಕಣ್ಣು ತೆರೆಯುತ್ತದೆ.

ಕನ್ನಡದಲ್ಲಿ ‘ಸಾಕು’ ಎಂಬ ಮಾತಿಗೆ ಎರಡು ಅರ್ಥ. ಪೋಷಿಸು ಎಂಬುದೊಂದು, ಇಷ್ಟಕ್ಕೆ ತೃಪ್ತಿ ಎಂಬುದೊಂದು. ಪಂಡಿತರು ಇವೆರಡಕ್ಕೂ ಸಂಬಂಧವುಂಟೆನ್ನಲಿ, ಇಲ್ಲವೆನ್ನಲಿ, ಈ ಚಿತ್ರ ನೋಡುವವನಿಗೆ ಎರಡೂ ಬೇಕು. ಶೀಲ್ ಅವರ ಚಿತ್ರ ಮೊದಲನೆಯ ಅರ್ಥವನ್ನು ಬಹು ಚೆನ್ನಾಗಿ ಬಲ್ಲದು. ಎರಡನೆಯದರ ಹೊಸ್ತಿಲವರೆಗೆ ಬಂದು ನಿಂತಿದೆ. ಓದುಗರು ಅದನ್ನು ಅವಶ್ಯವಾಗಿ ನೋಡಬೇಕು. ನಿದ್ರಿಸುವ ಆ ಮೈಮೇಲೆ ಬಣ್ಣಗಳು ಓಡುವಾಗ ವಿವರಣೆಯ ಕಡೆಗೆ ಕಿವಿಗೊಡದೆ ಕಣ್ಣನ್ನಷ್ಟೇ ನೆಟ್ಟು ನೋಡಲಿ. ನೋಡಿದ ಮೇಲೆ ಗಾಜಿನ ತೊಟ್ಟಿಯ ಬೆಲೆ ವಿಚಾರಿಸಲು ಹೊರಡದಿದ್ದರೆ, ಚಿತ್ರದಿಂದ ಪಡೆಯಬೇಕಾದುದನ್ನು ಪಡೆದಂತೆಯೇ ಆಯಿತು.