ಮರಳಿ ಓಡಿದವರು, ಉತ್ತರ ಕೊಡದವರು

ಶೃಂಗೇರಿ, ಸಿರಿಮನೆ ಕಡೆಯವರು ಆಗುಂಬೆ ಘಾಟಿ ಇಳಿದು ಹೆಬ್ರಿ ದಾಟಿದರೆ ಕುಂದಾಪುರ ಸೀಮೆಯ ಸಿದ್ದಾಪುರ ದೂರವಲ್ಲ. ಅಲ್ಲಿನ ಜನ್ಸಾಲೆಯ ಓಟಗಾರ್ತಿ ಅಶ್ವಿನಿ ಅಕ್ಕುಂಜೆಯ ಕಥೆಯನ್ನು ನಾವು ಎರಡೇ ರೀತಿಯಲ್ಲಿ ಹೇಳುತ್ತ ಬಂದಿದ್ದೇವೆ: ಮದ್ದು ತಿಂದು ಸಿಕ್ಕಿಬಿದ್ದಾಕೆ, ಇಲ್ಲವೇ ಏನೂ ಅರಿಯದ ಹಳ್ಳಿ ಹುಡುಗಿ. ಎರಡೂ ಸೋಮಾರಿ ಕಥೆಗಳೇ.

2010ರ ಅಕ್ಟೋಬರಿನಲ್ಲಿ ದೆಹಲಿ ಕಾಮನ್‌ವೆಲ್ತ್ ಕೂಟದ ರಿಲೇ ಚಿನ್ನ. ಮರುತಿಂಗಳೇ ಗುವಾಂಗ್‌ಝೌ ಏಷ್ಯನ್ ಕೂಟದಲ್ಲಿ ಮತ್ತೆರಡು, ಅದರಲ್ಲೊಂದು 400 ಮೀಟರ್ ಹರ್ಡಲ್ಸ್‌ನಲ್ಲಿ, 56.15 ಸೆಕೆಂಡಿಗೆ. 2011ರಲ್ಲಿ ಆಕೆಯೂ ಜೊತೆಗಾರ್ತಿಯರೂ ಸ್ಟೆರಾಯ್ಡ್ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಯೂರಿ ಒಗೊರೊದ್ನಿಕ್ ಕೊಟ್ಟ ಜಿನ್ಸೆಂಗ್ ಮಾತ್ರೆಯೇ ಕಾರಣ ಎಂದರು. ನಮ್ಮ ಶಿಸ್ತು ಸಮಿತಿ ಅದನ್ನೊಪ್ಪಿ ಒಂದು ವರ್ಷದ ನಿಷೇಧ ಹಾಕಿತು. ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ 2012ರಲ್ಲಿ ಅದನ್ನು ಎರಡಕ್ಕೇರಿಸಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು.

ಊರ ಕಡೆಯ ಮಮತೆಗೆ ಆ ತೀರ್ಪು ಕಟುಕತನ ಎನ್ನಿಸಿದ್ದು ಸಹಜ. ನನಗೆ ಮಾತ್ರ ಅದು ಸರಿ ಎನ್ನಿಸುತ್ತದೆ. ಏಷ್ಯಾದ ಚಾಂಪಿಯನ್ನನ್ನು ಮಗುವಿನಂತೆ ಕಾಣುವುದು ಆಕೆಯ ಓಟಕ್ಕೇ ಅವಮಾನ. ಹತ್ತು ಹರ್ಡಲ್‌ಗಳಿಗೆ ಹೆಜ್ಜೆ ಎಣಿಸಿ ಓಡಬಲ್ಲವಳಿಗೆ ಮಾತ್ರೆಯಲ್ಲೇನಿದೆ ಎಂದು ವೈದ್ಯರನ್ನು ಕೇಳುವ ಬುದ್ಧಿ ಇರಲಿಲ್ಲವೆ? ತಕರಾರಿರುವುದು ಬೇರೆಡೆ. ಕೋಚ್ ಕೆಲಸ ಕಳೆದುಕೊಂಡ, ವಿಚಾರಣೆಗೊಂದು ಸಮಿತಿ ಕೂತಿತು. ತರಬೇತಿ ಶಿಬಿರ ನಡೆಸುತ್ತಿದ್ದ ಅಧಿಕಾರಿಗಳ ಹೆಸರು ಮಾತ್ರ ಯಾರ ಬಾಯಲ್ಲೂ ಉಳಿದಿಲ್ಲ. ‘ಪುನರಾಗಮನ’ದ ಹೊರೆ ಪೂರ್ತಿ ಓಟಗಾರ್ತಿಯರ ತಲೆಗೆ.

ಅಶ್ವಿನಿ ಮರಳಿದರು. 2014ರ ಇಂಚಿಯಾನ್ ಏಷ್ಯನ್ ಕೂಟದಲ್ಲಿ ಪದಕ ಬರಲಿಲ್ಲ. ಹಾಗಾಗಿ ಪತ್ರಿಕೆಗಳಿಗೆ ಆ ಕಥೆ ಸಪ್ಪೆಯಾಯಿತು. ಅದೇ ಪ್ರಕರಣದಲ್ಲಿ ಶಿಕ್ಷೆಯಾಗಿದ್ದ ಪ್ರಿಯಾಂಕಾ ಪನ್ವಾರ್ ಅಲ್ಲಿ ರಿಲೇ ಚಿನ್ನ ಗೆದ್ದಾಗ ‘ಕಳಂಕ ತೊಳೆಯಿತು’ ಎಂದು ಬರೆದುಬಿಡುವುದು ಸುಲಭವಿತ್ತು. ಆದರೆ ಆಮೇಲೆ ಆಕೆ ಮತ್ತೊಮ್ಮೆ ಸಿಕ್ಕಿಬಿದ್ದು ಎಂಟು ವರ್ಷದ ನಿಷೇಧಕ್ಕೊಳಗಾದರು. ಪದಕದಿಂದ ಚಾರಿತ್ರ್ಯ ಅಳೆಯುವ ನಮ್ಮ ಅಭ್ಯಾಸದ ಬೆಲೆ ಇಷ್ಟು.

ಮುಂದೆ ನಮ್ಮವರೇ ಆದ ಓಟಗಾರ್ತಿ ಎಂ.ಆರ್. ಪೂವಮ್ಮ 2021ರ ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಮೂರು ತಿಂಗಳ ಶಿಕ್ಷೆ ಮೇಲ್ಮನವಿಯಲ್ಲಿ ಎರಡು ವರ್ಷವಾಯಿತು. ಅವರು 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ಗೂ ಹೋಗಿಬಂದರು. ನಾವು ಆಗಲೂ ಅವರ ಛಲವನ್ನಷ್ಟೇ ಹೊಗಳಿದೆವು.