ನಂಜನಗೂಡಿನ ಕಪಿಲಾ ಸೇತುವೆ: ಒಂದು ಬಿರುದಿನ ವಿಮರ್ಶೆ

ಬೇಗೂರಿಗೆ ರೈಲು ಬರಲಿಲ್ಲ; ಗುಂಡ್ಲುಪೇಟೆ ತಾಲ್ಲೂಕಿಗೇ ಬರಲಿಲ್ಲ. ಈ ಸೀಮೆಯವರು ಮೈಸೂರಿಗೆ ಹೋಗುವ ಹೆದ್ದಾರಿಯಲ್ಲಿ ರೈಲ್ವೆಯ ಹಳೆಯ ಕಟ್ಟಡವೊಂದನ್ನು ಕಾಣುವುದು ನಂಜನಗೂಡಿನಲ್ಲಿ. ಅಲ್ಲಿಯ ಕಪಿಲಾ ಸೇತುವೆಯನ್ನು ‘ಭಾರತದ ಅತಿ ಪ್ರಾಚೀನ ರೈಲ್ವೆ ಸೇತುವೆ’ ಎಂದು ಪ್ರವಾಸಿ ಬರಹಗಳು ಕೊಂಡಾಡುತ್ತವೆ. ಈ ಬಿರುದು ಪರಿಶೀಲನಾರ್ಹವಾದುದು.

ಸೇತುವೆಯ ಕಾಲ 1735. ಕಟ್ಟಿಸಿದವನು ದಳವಾಯಿ ದೇವರಾಜಯ್ಯ. ಆಗ ಲೋಕದಲ್ಲೆಲ್ಲಿಯೂ ಉಗಿಬಂಡಿಯೇ ಇರಲಿಲ್ಲ! ನಮ್ಮ ದೇಶದಲ್ಲಿ ಪ್ರಯಾಣಿಕರ ಮೊದಲ ರೈಲು ಮುಂಬಯಿಯಿಂದ ಠಾಣೆಗೆ ಓಡಿದುದು 1853ರಲ್ಲಿ. ಮೈಸೂರಿನಿಂದ ಮೀಟರ್ ಗೇಜ್ ಹಳಿ ಇತ್ತ ಬಂದುದಾದರೋ ಆ ಶತಮಾನದ ಕಡೆಯ ದಶಕದಲ್ಲಿ. ಆದಕಾರಣ ದಳವಾಯಿಯು ಕಟ್ಟಿಸಿದುದು ಹಾದಿಯ ಸೇತುವೆಯನ್ನು. ಒಂದೂವರೆ ಶತಮಾನ ಕಳೆದ ಮೇಲೆ ಅದರ ಮೇಲೆಯೇ ಹಳಿ ಹಾಸಿ, ಪಕ್ಕದಲ್ಲಿ ರಸ್ತೆಯನ್ನೂ ಉಳಿಸಿಕೊಂಡರು. ಬಂಡಿಗಳ ಭಾರಕ್ಕೆಂದು ಎತ್ತಿದ ಕಮಾನುಗಳು ಎಂಜಿನ್ನುಗಳನ್ನು ಹೊತ್ತವು. ಬಿರುದಿಗಿಂತ ಹಿರಿದಾದ ಸಂಗತಿಯಿದು. ಆದರೆ ಪ್ರಶಂಸಕರು ಕಮಾನಿನ ಮಾತನ್ನೇ ಎತ್ತುವುದಿಲ್ಲ.

ಬ್ರಾಡ್ ಗೇಜ್ ಬಂದ ಮೇಲೆ ರೈಲು ಬೇರೆ ಸೇತುವೆಯನ್ನು ಹಿಡಿದಿದೆ. ಹಳೆಯದನ್ನು ಕೇವಲ ರೈಲ್ವೆಯ ಅವಶೇಷವೆಂದು ಎಣಿಸಿ ದುರಸ್ತಿಗೆ ತೊಡಗಿದರೆ ದಳವಾಯಿಯ ಕಾಲದ ಕೆಲಸವೇ ಅಳಿಸಿಹೋದೀತು. ಮೊದಲು ಆಗಬೇಕಾದುದು ಅಳತೆಯ ನಕ್ಷೆ: 1735ರ ಕಟ್ಟಡ ಎಷ್ಟು, ಹಳಿಗಾಗಿ ಸೇರಿಸಿದುದು ಎಷ್ಟು ಎಂಬುದನ್ನು ಬೇರೆಬೇರೆಯಾಗಿ ತೋರಿಸುವಂಥದು.