ರಾಕೆಟ್ ಬೀಳುವಲ್ಲಿಗೆ ನೆಲ ಹೊರಟಾಗ

2016ರ ಜನವರಿ 17ರಂದು ಕ್ಯಾಲಿಫೋರ್ನಿಯಾದ ವ್ಯಾಂಡೆನ್‌ಬರ್ಗ್‌ನಲ್ಲಿ ದಟ್ಟ ಮಂಜು ಕವಿದಿತ್ತು. ಆ ಮಂಜಿನೊಳಗಿಂದಲೇ ಸ್ಪೇಸ್‌ಎಕ್ಸ್ ಕಂಪನಿಯ ಫಾಲ್ಕನ್ 9 ರಾಕೆಟ್ ಮೇಲೆದ್ದು, ಸಮುದ್ರಮಟ್ಟ ಅಳೆಯುವ ಜೇಸನ್-3 ಉಪಗ್ರಹವನ್ನು ಕಕ್ಷೆಗೆ ಸೇರಿಸಿತು. ತನ್ನ ಪಾಲಿನ ಕೆಲಸ ಮುಗಿಸಿದ ಬೂಸ್ಟರ್, ಅಂದರೆ ರಾಕೆಟ್ಟಿನ ಮೊದಲ ಹಂತ, ಪೆಸಿಫಿಕ್ ಸಾಗರದಲ್ಲಿ ಕಾಯುತ್ತಿದ್ದ ಹಡಗಿನತ್ತ ಇಳಿದು ಬಂತು. ಡೆಕ್‌ನ ನಡುಬಿಂದುವಿನಿಂದ 1.3 ಮೀಟರ್ ಒಳಗೇ, ಇರಬೇಕಾದ ವೇಗದಲ್ಲೇ ಕಾಲೂರಿತು. ನಾಲ್ಕು ಕಾಲುಗಳಲ್ಲಿ ಮೂರು ಗಟ್ಟಿಯಾಗಿ ನಿಂತವು. ನಾಲ್ಕನೆಯದರ ಕೊಂಡಿ ಕಚ್ಚಿಕೊಳ್ಳಲಿಲ್ಲ. ಆ ಕಾಲು ಮಡಚಿಕೊಂಡಿತು. ಬೂಸ್ಟರ್ ನಿಧಾನವಾಗಿ ವಾಲಿ, ಡೆಕ್ ಮೇಲೆ ಬಿದ್ದು ಸ್ಫೋಟಿಸಿತು. ಉಡಾವಣೆಯ ಹೊತ್ತಿನ ಮಂಜಿನ ತೇವ ಕೊಂಡಿಯಲ್ಲಿ ಹೆಪ್ಪುಗಟ್ಟಿರಬಹುದು ಎಂಬ ಅನುಮಾನ ಆಮೇಲೆ ಹೊರಬಂತು.

ಹಡಗಿನ ಮೇಲೆ ಬೂಸ್ಟರ್ ಇಳಿಸುವ ಈ ವಿಧಾನವನ್ನು ತೂಗಿ ನೋಡಬೇಕಾದರೆ ಈ ಸೋಲಿನಿಂದಲೇ ಶುರು ಮಾಡುವುದು ಒಳ್ಳೆಯದು. ಎಲ್ಲರೂ ಹಾಡಿ ಹೊಗಳುವುದು ಅದರ ಗುರಿಯ ನಿಖರತೆಯನ್ನು. ಆ ದಿನ ನಿಖರತೆಗೆ ಯಾವ ಕೊರತೆಯೂ ಇರಲಿಲ್ಲ, ಆದರೂ ಬೂಸ್ಟರ್ ಕೈಗೆ ಸಿಗಲಿಲ್ಲ. ನನ್ನ ಲೆಕ್ಕದಲ್ಲಿ ಈ ವಿಧಾನದ ಹಿರಿಮೆ ಇರುವುದು ಇಳಿಯುವ ಆ ಕೆಲವು ಕ್ಷಣಗಳಲ್ಲಲ್ಲ. ಅದಕ್ಕೂ ಎಷ್ಟೋ ಮೊದಲು, ನಕ್ಷೆಯ ಮುಂದೆ ಕೂತು ಮಾಡಿದ ಒಂದು ತೀರ್ಮಾನದಲ್ಲಿದೆ: ರಾಕೆಟ್ಟನ್ನು ನೆಲದತ್ತ ಎಳೆದು ತರುವುದು ಬೇಡ, ಅದು ತಾನಾಗಿ ಬೀಳುವ ಕಡೆಗೆ ನೆಲವನ್ನೇ ಒಯ್ಯೋಣ.

ಕಕ್ಷೆ ಸೇರಲು ಎತ್ತರಕ್ಕಿಂತ ಹೆಚ್ಚಾಗಿ ಬೇಕಾದದ್ದು ಅಡ್ಡ ವೇಗ. ಆದ್ದರಿಂದ ಎರಡನೇ ಹಂತದಿಂದ ಕಳಚಿಕೊಳ್ಳುವ ಹೊತ್ತಿಗೆ ಬೂಸ್ಟರ್ ಗಂಟೆಗೆ ಸಾವಿರಾರು ಕಿಲೋಮೀಟರ್ ವೇಗದಲ್ಲಿ ಕರಾವಳಿಯಿಂದ ದೂರ ಓಡುತ್ತಿರುತ್ತದೆ. ಅದನ್ನು ಉಡಾವಣಾ ನೆಲೆಗೇ ವಾಪಸ್ ತರಬೇಕಾದರೆ ಮೊದಲು ಆ ಓಟವನ್ನು ಪೂರ್ತಿ ನಿಲ್ಲಿಸಬೇಕು, ಆಮೇಲೆ ಹಿಂದಕ್ಕೆ ತಳ್ಳಬೇಕು. ಅದಕ್ಕೆ ಬೇಕಾದ ಇಂಧನವನ್ನು ಮೊದಲೇ ಹೊತ್ತುಕೊಂಡು ಏರಬೇಕು. ಅಷ್ಟರಮಟ್ಟಿಗೆ ಉಪಗ್ರಹದ ತೂಕ ಕಡಿಮೆ ಮಾಡಬೇಕು. ಹಡಗಿದ್ದರೆ ಈ ವಾಪಸ್ ಪ್ರಯಾಣವೇ ಬೇಕಿಲ್ಲ. ಬೂಸ್ಟರ್ ತನ್ನ ಕಮಾನಿನ ದಾರಿಯಲ್ಲೇ ಸಾಗಿ, ಕೆಲವೊಮ್ಮೆ ಆರು ನೂರು ಕಿಲೋಮೀಟರಿಗೂ ಆಚೆ ಇಳಿಯುತ್ತದೆ. ಆಕಾಶಕ್ಕೆ ಚಿಮ್ಮಿದ ಚೆಂಡನ್ನು ಹಿಡಿಯಲು ಫೀಲ್ಡರ್ ಓಡಬೇಕೇ ಹೊರತು ಚೆಂಡು ಅವನಿದ್ದಲ್ಲಿಗೆ ಬರುವುದಿಲ್ಲ. ಇಲ್ಲಿ ಓಡುವ ಕೆಲಸ ಹಡಗಿನದು.

ಈ ತೀರ್ಮಾನದ ಹಿಂದೆ ದೊಡ್ಡ ವಿನಯವಿದೆ. ಯಂತ್ರದ ಮೇಲೆ ಎಲ್ಲ ಕಷ್ಟವನ್ನೂ ಹೇರದೆ, ಅದರ ಒಂದು ಪಾಲನ್ನು ಬೇರೆಡೆಗೆ ಸಾಗಿಸಿದ್ದಾರೆ. ಉಳಿದ ಕಷ್ಟವೇನೂ ಸಣ್ಣದಲ್ಲ. ಇಳಿಯುವ ಹೊತ್ತಿಗೆ ಫಾಲ್ಕನ್ 9ರ ಬೂಸ್ಟರ್ ಸುಮಾರು 40 ಮೀಟರ್ ಉದ್ದದ, ಹೆಚ್ಚುಕಡಿಮೆ ಖಾಲಿಯಾದ ಕೊಳವೆ. ಒಂಬತ್ತು ಎಂಜಿನ್‌ಗಳಲ್ಲಿ ಒಂದನ್ನೇ ಉರಿಸಿ, ಅದನ್ನೂ ಕನಿಷ್ಠಕ್ಕೆ ಇಳಿಸಿದರೂ ಅದರ ನೂಕುಬಲ ಆ ಕೊಳವೆಯ ತೂಕಕ್ಕಿಂತ ಹೆಚ್ಚು. ಹಾಗಾಗಿ ಹೆಲಿಕಾಪ್ಟರ್ ಹಾಗೆ ಗಾಳಿಯಲ್ಲಿ ನಿಂತು, ನೋಡಿಕೊಂಡು ಇಳಿಯುವ ಅವಕಾಶವೇ ಇಲ್ಲ. ವೇಗ ಸೊನ್ನೆಯಾಗುವ ಕ್ಷಣಕ್ಕೂ ಕಾಲು ಡೆಕ್ಕಿಗೆ ತಾಗುವ ಕ್ಷಣಕ್ಕೂ ತಾಳೆಯಾಗಲೇಬೇಕು. ಸೊನ್ನೆ ಬೇಗ ಬಂದರೆ ಬೂಸ್ಟರ್ ಮತ್ತೆ ಮೇಲೇರತೊಡಗುತ್ತದೆ, ತಡವಾದರೆ ಅಪ್ಪಳಿಸುತ್ತದೆ. ಕೆಳಗೆ ಸುಮಾರು 90 ಮೀಟರ್ ಉದ್ದ, 50 ಮೀಟರ್ ಅಗಲದ, ಜನರಿಲ್ಲದ ಬಾರ್ಜ್. ನಾಲ್ಕು ಮೂಲೆಗಳ ನೂಕುಯಂತ್ರಗಳ ಬಲದಿಂದ, ಜಿಪಿಎಸ್ ತೋರಿಸಿದ ಒಂದು ಬಿಂದುವಿನಲ್ಲಿ ಅದು ಅಲೆ ಗಾಳಿಗಳ ನಡುವೆ ನಿಂತಿರಬೇಕು. ಈ ಕೊನೆಯ ದಾರಿಯನ್ನು ಹಾರಾಟದ ನಡುವೆಯೇ ಲೆಕ್ಕ ಹಾಕುವ ಗಣಿತವನ್ನು ಬೆಳೆಸಿದವರಲ್ಲಿ ಲಾರ್ಸ್ ಬ್ಲ್ಯಾಕ್‌ಮೋರ್ ಒಬ್ಬರು. ಬೂಸ್ಟರ್ ನಿಂತಾಗ ಎಲ್ಲರ ಬಾಯಲ್ಲಿ ಬರುವ ಹೆಸರು ಅವರದಲ್ಲ, ಬರಬೇಕಿತ್ತು.

ಕಲ್ಪನೆಯ ಮಟ್ಟಿಗೆ ಇದು ಯಾರೊಬ್ಬರ ಸೊತ್ತೂ ಅಲ್ಲ. 1998ರಲ್ಲೇ ಜಪಾನಿನ ಯೋಶಿಯುಕಿ ಇಶಿಜಿಮಾ ಮತ್ತು ಸಂಗಡಿಗರು ನೆಟ್ಟಗೆ ಇಳಿಯುವ ರಾಕೆಟ್‌ಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಸಮುದ್ರದ ಮೇಲಿನ ಇಳಿದಾಣದ ಮಾತಿದೆ. 2014ರಲ್ಲಿ ಜೆಫ್ ಬೆಜೋಸ್‌ರ ಬ್ಲೂ ಒರಿಜಿನ್ ಕಂಪನಿಗೆ ಈ ವಿಧಾನದ ಮೇಲೆ ಅಮೆರಿಕದ ಪೇಟೆಂಟ್ ಸಿಕ್ಕಾಗ ಸ್ಪೇಸ್‌ಎಕ್ಸ್ ಅದನ್ನು ಪ್ರಶ್ನಿಸಿತು, ಮುಂದಿಟ್ಟ ಆಧಾರಗಳಲ್ಲಿ ಆ ಪ್ರಬಂಧವೂ ಇತ್ತು. ಮರುವರ್ಷ ಬ್ಲೂ ಒರಿಜಿನ್ ತನ್ನ ಬಹುಪಾಲು ಹಕ್ಕುಗಳನ್ನು ಕೈಬಿಟ್ಟಿತು. ಹಾಗಾಗಿದ್ದು ಒಳ್ಳೆಯದೇ ಆಯಿತು. ಸಮುದ್ರದ ಮೇಲೆ ಇಳಿಯುವ ಉಪಾಯಕ್ಕೆ ಒಂದೇ ಕಂಪನಿ ಬೇಲಿ ಹಾಕಿಕೊಂಡಿದ್ದರೆ ಇವತ್ತು ಉಳಿದವರೆಲ್ಲ ಅನುಮತಿಗಾಗಿ ಅದರ ಬಾಗಿಲಲ್ಲಿ ನಿಲ್ಲಬೇಕಿತ್ತು.

ಸ್ಪೇಸ್‌ಎಕ್ಸ್‌ನ ನಿಜವಾದ ಸಾಧನೆ ಅದು ಕಲಿತ ರೀತಿ. 2015ರ ಜನವರಿ 10ರ ಮೊದಲ ಪ್ರಯತ್ನದಲ್ಲಿ ಬೂಸ್ಟರಿನ ದಿಕ್ಕು ತಿದ್ದುವ ಗ್ರಿಡ್ ಫಿನ್‌ಗಳಿಗೆ ಬೇಕಾದ ಹೈಡ್ರಾಲಿಕ್ ದ್ರವ ಕೊನೆಗಳಿಗೆಯಲ್ಲಿ ಮುಗಿದುಹೋಯಿತು. ಬೂಸ್ಟರ್ ಓರೆಯಾಗಿ ಬಂದು ಡೆಕ್ಕಿಗೆ ಬಡಿಯಿತು. ಫೆಬ್ರವರಿಯಲ್ಲಿ ಅಲೆಗಳ ಅಬ್ಬರಕ್ಕೆ ಹಡಗನ್ನೇ ಹಿಂದೆ ಕರೆಸಬೇಕಾಯಿತು. ಬೂಸ್ಟರ್ ಬರಿಯ ನೀರಿನ ಮೇಲೆ ಮೆತ್ತಗೆ ಇಳಿದು ಮುಳುಗಿತು. ಏಪ್ರಿಲ್‌ನಲ್ಲಿ ಎಂಜಿನ್‌ನ ಒಂದು ಕವಾಟ ಆಜ್ಞೆಗೆ ತಡವಾಗಿ ಓಗೊಟ್ಟು ಬೂಸ್ಟರ್ ಮಗುಚಿತು. ಆಮೇಲೆ ಜೇಸನ್-3ರ ಕಾಲು. ಯಂತ್ರ ಕೈಕೊಟ್ಟ ಪ್ರತಿ ಸಲವೂ ಕೆಟ್ಟದ್ದು ಬೇರೆ ಬೇರೆ ಭಾಗ. ಪ್ರತಿ ಸಲವೂ ಆ ಭಾಗವನ್ನು ಹುಡುಕಿ ಸರಿಪಡಿಸಿದರು. ಕೊನೆಗೆ 2016ರ ಏಪ್ರಿಲ್ 8ರಂದು ಅಟ್ಲಾಂಟಿಕ್‌ನಲ್ಲಿ 'ಆಫ್ ಕೋರ್ಸ್ ಐ ಸ್ಟಿಲ್ ಲವ್ ಯೂ' ಹೆಸರಿನ ಹಡಗಿನ ಮೇಲೆ ಬೂಸ್ಟರ್ ನಿಂತಿತು. ಇಯಾನ್ ಎಂ. ಬ್ಯಾಂಕ್ಸ್ ಅವರ ಕಾದಂಬರಿಯಿಂದ ಎತ್ತಿಕೊಂಡ ಹೆಸರು ಅದು. ಮರುವರ್ಷದ ಮಾರ್ಚ್ 30ರಂದು ಅದೇ ಬೂಸ್ಟರ್ ಒಂದು ಉಪಗ್ರಹ ಹೊತ್ತು ಹಾರಿ, ಮತ್ತೆ ಹಡಗಿನ ಮೇಲೇ ಇಳಿಯಿತು. ನನಗೆ ಈ ಎರಡನೆಯ ದಿನವೇ ಹೆಚ್ಚು ಮುಖ್ಯ.

ಈ ಪ್ರಯತ್ನಗಳಲ್ಲಿ ಗಿರಾಕಿಯ ಕೆಲಸಕ್ಕೆ ಧಕ್ಕೆಯಾಗಲಿಲ್ಲ. ಉಪಗ್ರಹವೋ ಸರಕು ನೌಕೆಯೋ ಕಕ್ಷೆಯತ್ತ ಹೊರಟ ಮೇಲೆ, ಹೇಗೂ ಸಮುದ್ರಪಾಲಾಗಬೇಕಿದ್ದ ಬೂಸ್ಟರಿನ ಮೇಲೆ ಪ್ರಯೋಗ ನಡೆಯುತ್ತಿತ್ತು. ಇದು ಬಹಳ ಚತುರ ದಾರಿ. ಆದರೆ ಇದನ್ನು ಖಾಸಗಿ ಸಾಹಸದ ಕಥೆಯನ್ನಾಗಿ ಮಾತ್ರ ಹೇಳುವವರ ಮಾತಿಗೆ ನನ್ನ ತಕರಾರಿದೆ. ಆ ಹಾರಾಟಗಳ ಪೈಕಿ ಹಲವು ಬಾಹ್ಯಾಕಾಶ ನಿಲ್ದಾಣಕ್ಕೆ ಸರಕು ಒಯ್ಯಲು ನಾಸಾ ಕೊಂಡಿದ್ದವು. 2008ರಲ್ಲಿ ನಾಸಾ ಕೊಟ್ಟ ಗುತ್ತಿಗೆಯ ಮೊತ್ತ 160 ಕೋಟಿ ಡಾಲರ್. ಸಾರ್ವಜನಿಕ ಹಣ ಬೆನ್ನಿಗಿದ್ದುದರಿಂದಲೇ ಸೋಲನ್ನು ಅಷ್ಟು ಸಲ ತಾಳಿಕೊಳ್ಳಲು ಆಯಿತು.

ಇನ್ನು, ಡೆಕ್ಕಿನ ಮೇಲೆ ನಿಂತ ಬೂಸ್ಟರ್ ಇನ್ನೂ ಅರ್ಧ ದಾರಿಯಲ್ಲಿದೆ. ನೇರ ಪ್ರಸಾರ ಅಲ್ಲಿಗೆ ನಿಲ್ಲುತ್ತದೆ, ಸಮುದ್ರ ನಿಲ್ಲುವುದಿಲ್ಲ. 2019ರ ಏಪ್ರಿಲ್‌ನಲ್ಲಿ ಫಾಲ್ಕನ್ ಹೆವಿ ರಾಕೆಟ್ಟಿನ ನಡುವಿನ ಬೂಸ್ಟರ್ ಚೆನ್ನಾಗಿಯೇ ಇಳಿಯಿತು. ಬೂಸ್ಟರಿನ ಬುಡಕ್ಕೆ ಸರಿದು ಅದನ್ನು ಹಿಡಿದುಕೊಳ್ಳುವ ರೋಬೋಟ್ ಹಡಗಿನಲ್ಲಿ ಇತ್ತಾದರೂ ಅದರ ಹಿಡಿತ ಆ ಮಾದರಿಯ ಬೂಸ್ಟರಿಗೆ ಹೊಂದುತ್ತಿರಲಿಲ್ಲ. ಬಂದರಿನ ದಾರಿಯಲ್ಲಿ ಅಲೆಗಳ ಹೊಯ್ದಾಟಕ್ಕೆ ಅದು ಉರುಳಿಬಿತ್ತು. 2023ರ ಡಿಸೆಂಬರ್‌ನಲ್ಲಿ ಇನ್ನೂ ದೊಡ್ಡ ನಷ್ಟ. 2020ರಲ್ಲಿ ಇಬ್ಬರು ಗಗನಯಾತ್ರಿಗಳನ್ನು ಹೊತ್ತೊಯ್ದಿದ್ದ ಬೂಸ್ಟರ್ ತನ್ನ 19ನೇ ಹಾರಾಟ ಮುಗಿಸಿ ಇಳಿದ ಮೇಲೆ, ಬಿರುಗಾಳಿ ಮತ್ತು ಅಲೆಗಳಿಗೆ ಸಿಕ್ಕಿ ಹಡಗಿನ ಮೇಲೇ ಮುರಿದುಬಿತ್ತು. ಆದ್ದರಿಂದ ಈ ವಿಧಾನವನ್ನು ಅಳೆಯಬೇಕಾದ ಜಾಗ ಬಂದರು. ಬಂದರಿಗೆ ಬಂದದ್ದು ಎಷ್ಟು, ಅದರಲ್ಲಿ ಮತ್ತೆ ಹಾರಿದ್ದು ಎಷ್ಟು, ಹಾರಿಸಲು ತಗಲಿದ ರಿಪೇರಿ ಎಷ್ಟು ಎಂದು ಕೇಳಬೇಕು.

ಹಳೆಯ ಸ್ಪೇಸ್ ಷಟಲ್ ಈ ಪ್ರಶ್ನೆಗಳ ಮುಂದೆ ಸೋತಿತು. ಅದರ ಘನ ಇಂಧನದ ಬೂಸ್ಟರ್‌ಗಳು ಪ್ಯಾರಾಚೂಟ್ ಕಟ್ಟಿಕೊಂಡು ಅಟ್ಲಾಂಟಿಕ್‌ನ ಉಪ್ಪುನೀರಿಗೆ ಬೀಳುತ್ತಿದ್ದವು. ಎರಡು ಹಡಗುಗಳು ಅವನ್ನು ಎಳೆದು ತರುತ್ತಿದ್ದವು. ತೊಳೆದು, ಬಿಚ್ಚಿ, ರೈಲಿನಲ್ಲಿ ಯೂಟಾ ರಾಜ್ಯಕ್ಕೆ ಕಳಿಸಿ, ಮತ್ತೆ ತುಂಬಿಸಿ ತರಬೇಕಿತ್ತು. ಮರುಬಳಕೆ ಆಯಿತು, ಆದರೆ ಉಡಾವಣೆ ಅಗ್ಗವಾಗಲಿಲ್ಲ. ಒಣ ಡೆಕ್‌ನ ಬೆಲೆ ಅರ್ಥವಾಗುವುದು ಇಲ್ಲಿ: ಎಂಜಿನ್ ಉಪ್ಪುನೀರಲ್ಲಿ ಮುಳುಗುವುದೇ ಇಲ್ಲ. 30ಕ್ಕೂ ಹೆಚ್ಚು ಸಲ ಹಾರಿದ ಫಾಲ್ಕನ್ ಬೂಸ್ಟರ್ ಈಗ ನಮ್ಮ ಕಣ್ಣಮುಂದಿದೆ. ಷಟಲ್ ಕಾಲದವರು ಕಾಗದದ ಮೇಲೆ ಕಂಡ ಕನಸು ಇಲ್ಲಿ ಕೆಲಸ ಮಾಡುತ್ತಿದೆ. ಅದನ್ನು ತುಂಬು ಮನಸ್ಸಿನಿಂದ ಒಪ್ಪಬೇಕು.

ಲಾಭದ ಲೆಕ್ಕ ಮಾತ್ರ ಅಷ್ಟು ಸಲೀಸಲ್ಲ. ಸ್ಪೇಸ್‌ಎಕ್ಸ್‌ನ ಪಟ್ಟಿಯಂತೆ ಬೂಸ್ಟರನ್ನು ಬಿಸಾಡಿದರೆ ಭೂಸ್ಥಿರ ಕಕ್ಷೆಯ ದಾರಿಗೆ 8,300 ಕೆಜಿ ಕಳಿಸಬಹುದು, ವಾಪಸ್ ಪಡೆಯುವುದಾದರೆ 5,500 ಕೆಜಿ. 2020ರಲ್ಲಿ ಈ ಬಗ್ಗೆ ಬಹಿರಂಗ ವಾದವೇ ನಡೆಯಿತು. ಎರಡು ಹಾರಾಟಕ್ಕೆ ಲೆಕ್ಕ ಸರಿಹೋಗುತ್ತದೆ, ಮೂರಕ್ಕೆ ಖಂಡಿತ ಲಾಭ ಎಂದರು ಸ್ಪೇಸ್‌ಎಕ್ಸ್‌ನ ಎಲಾನ್ ಮಸ್ಕ್. ಪ್ರತಿಸ್ಪರ್ಧಿ ಯುನೈಟೆಡ್ ಲಾಂಚ್ ಅಲಯನ್ಸ್‌ನ ಟೋರಿ ಬ್ರೂನೊ, ಎಲ್ಲ ಬೂಸ್ಟರ್‌ಗಳ ಸರಾಸರಿ ಹತ್ತು ಹಾರಾಟವಾದರೂ ಆಗಬೇಕು ಎಂದರು. ಫಾಲ್ಕನ್‌ನ ಹಲವು ಬೂಸ್ಟರ್‌ಗಳು ಇವತ್ತು ಬ್ರೂನೊ ಹೇಳಿದ ಗಡಿಯನ್ನೂ ದಾಟಿವೆ. ಹಾಗಿದ್ದರೂ ಬ್ರೂನೊ ಎತ್ತಿದ ಪ್ರಶ್ನೆ ಸರಿಯಾದದ್ದೇ. ವರ್ಷಕ್ಕೆ ನೂರಕ್ಕೂ ಹೆಚ್ಚು ಉಡಾವಣೆ ಇರುವವರಿಗೆ ಮರುಬಳಕೆ ವರ. ನಾಲ್ಕೈದು ಉಡಾವಣೆ ಮಾಡುವವರಿಗೆ ಹಡಗು, ಸಿಬ್ಬಂದಿ, ರಿಪೇರಿ ಕಾರ್ಖಾನೆಗಳ ಖರ್ಚೇ ಹೊರೆಯಾದೀತು. ಸ್ಪೇಸ್‌ಎಕ್ಸ್‌ಗೆ ಆ ಸಂಖ್ಯೆ ಸಿಕ್ಕಿದ್ದು ತನ್ನದೇ ಸ್ಟಾರ್‌ಲಿಂಕ್ ಉಪಗ್ರಹಗಳಿಂದ. ಹೊರಗಿನ ಗಿರಾಕಿಗೆ 2016ರ ಸುಮಾರಿಗೆ 6.2 ಕೋಟಿ ಡಾಲರ್ ಇದ್ದ ಫಾಲ್ಕನ್ 9ರ ಪಟ್ಟಿ ಬೆಲೆ 2024ಕ್ಕೆ ಹತ್ತಿರ ಹತ್ತಿರ 7 ಕೋಟಿ ಆಯಿತು. ಹಣದುಬ್ಬರ ಕಳೆದರೂ, ಉಳಿತಾಯದ ಬಹುಪಾಲು ಕಂಪನಿಯ ಬಳಿಯೇ ಉಳಿದಂತೆ ಕಾಣುತ್ತದೆ. ಎರಡನೇ ಹಂತವನ್ನಂತೂ ಇವತ್ತಿಗೂ ಪ್ರತಿ ಹಾರಾಟದಲ್ಲಿ ಕಳೆದುಕೊಳ್ಳುತ್ತಾರೆ.

ಕಡಲು ಖಾಲಿ ಜಾಗ ಎಂಬ ಭಾವನೆಯೂ ಈ ವಿಧಾನದ ಬುಡದಲ್ಲಿದೆ. 2025ರ ಫೆಬ್ರವರಿಯಲ್ಲಿ ಬಹಾಮಾಸ್ ದ್ವೀಪಗಳ ನಡುವಿನ ನೀರಿನಲ್ಲಿ ನಿಂತ ಹಡಗಿನ ಮೇಲೆ ಮೊದಲ ಬಾರಿಗೆ ಬೂಸ್ಟರ್ ಇಳಿಯಿತು. ಅಲ್ಲಿನ ಸರ್ಕಾರ ಪ್ರವಾಸೋದ್ಯಮದ ಆಸೆಯಿಂದ ಒಪ್ಪಿತ್ತು. ಮುಂದಿನ ತಿಂಗಳು ಸ್ಪೇಸ್‌ಎಕ್ಸ್‌ನದೇ ಸ್ಟಾರ್‌ಶಿಪ್ ರಾಕೆಟ್ ಒಡೆದು ಅದರ ಚೂರುಗಳು ಆ ದ್ವೀಪಗಳತ್ತ ಬಿದ್ದವು. ಪರಿಸರ ವರದಿ ಬರುವವರೆಗೆ ಬೂಸ್ಟರ್ ಇಳಿಸುವುದು ಬೇಡ ಎಂದು ಸರ್ಕಾರ ತಡೆಯೊಡ್ಡಿತು. ಮೀನುಗಾರನ ನೀರು, ಆಮೆ ಮೊಟ್ಟೆಯಿಡುವ ದಂಡೆ, ಹಡಗಿನ ದಾರಿ ಎಲ್ಲವೂ ಇರುವ ಕಡಲಿನಲ್ಲಿ ಇಳಿಯುವವರು ಅಲ್ಲಿನವರನ್ನು ಮೊದಲೇ ಕೇಳಬೇಕಲ್ಲವೇ?

ಬೇರೆಯವರೂ ಈಗ ಇದೇ ದಾರಿ ಹಿಡಿದಿದ್ದಾರೆ. 2025ರ ನವೆಂಬರ್ 13ರಂದು ಬ್ಲೂ ಒರಿಜಿನ್‌ನ ನ್ಯೂ ಗ್ಲೆನ್ ಬೂಸ್ಟರ್, ಬೆಜೋಸ್‌ರ ತಾಯಿಯ ಹೆಸರಿನ 'ಜಾಕ್ಲಿನ್' ಹಡಗಿನ ಮೇಲೆ ಎರಡನೇ ಪ್ರಯತ್ನದಲ್ಲೇ ಇಳಿಯಿತು.

ನಮಗೂ ಇದರ ಋಣವಿದೆ. 2024ರ ನವೆಂಬರ್‌ನಲ್ಲಿ ಇಸ್ರೋದ 4,700 ಕೆಜಿ ತೂಕದ ಜಿಸ್ಯಾಟ್-ಎನ್2 ಉಪಗ್ರಹ ಫ್ಲಾರಿಡಾದಿಂದ ಫಾಲ್ಕನ್ 9ರಲ್ಲಿ ಹೋಯಿತು. ಭೂಸ್ಥಿರ ಕಕ್ಷೆಯ ದಾರಿಗೆ ನಮ್ಮ ಎಲ್‌ವಿಎಂ3 ರಾಕೆಟ್ ಒಯ್ಯುವುದು ಸುಮಾರು 4,000 ಕೆಜಿ. 4,700 ಕೆಜಿ ಹೊತ್ತ ಫಾಲ್ಕನ್ ಬೂಸ್ಟರ್ ಉಡಾವಣಾ ನೆಲೆಗೆ ವಾಪಸಾಗುವಷ್ಟು ಇಂಧನ ಉಳಿಸಿಕೊಳ್ಳಲಾರದು. ಅದು ಅಟ್ಲಾಂಟಿಕ್‌ನ ಹಡಗಿನ ಮೇಲೆ ಇಳಿಯಿತು, ಇತ್ತ ಹಾಸನದ ಮುಖ್ಯ ನಿಯಂತ್ರಣ ಕೇಂದ್ರ ಉಪಗ್ರಹವನ್ನು ತನ್ನ ಹತೋಟಿಗೆ ತೆಗೆದುಕೊಂಡಿತು.

ಮರುಬಳಕೆಯ ಪ್ರಯೋಗ ನಮ್ಮಲ್ಲೂ ನಡೆದಿದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ 2023, 2024ರಲ್ಲಿ ಇಸ್ರೋ ಮೂರು ಸಲ ಯಶಸ್ವಿಯಾಗಿ ಇಳಿಸಿದ 'ಪುಷ್ಪಕ್' ರೆಕ್ಕೆಯುಳ್ಳ ವಾಹನ. ಹೆಲಿಕಾಪ್ಟರ್‌ನಿಂದ ಬಿಟ್ಟ ಮೇಲೆ ತಾನೇ ದಾರಿ ತಿದ್ದಿಕೊಂಡು ರನ್‌ವೇ ಮೇಲೆ ಇಳಿಯಿತು. ಅದರ ಪಾಠಗಳು ಬೆಲೆಯುಳ್ಳವು, ಆದರೆ ಅದು ಕಕ್ಷೆಯಿಂದ ಮರಳುವ ವಾಹನದ ಪಾಠ. 2024ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸಂಪುಟ 8,240 ಕೋಟಿ ರೂಪಾಯಿಗೆ ಒಪ್ಪಿದ ಮುಂದಿನ ಪೀಳಿಗೆಯ ಉಡಾವಣಾ ವಾಹನದ ಮೊದಲ ಹಂತ ಮರುಬಳಕೆಯದು, ಅದರ ಗುರಿ ಭೂಮಿಯ ಹತ್ತಿರದ ಕಕ್ಷೆಗೆ 30 ಟನ್. ನಮ್ಮ ಉಡಾವಣಾ ನೆಲೆ ಶ್ರೀಹರಿಕೋಟಾದ ಪೂರ್ವಕ್ಕೆ ಇರುವುದು ಬಂಗಾಳಕೊಲ್ಲಿ. ಭಾರವಾದ ಉಪಗ್ರಹ ಹೊರಬೇಕಾದ ದಿನ ಆ ಬೂಸ್ಟರಿಗೂ ಹಡಗೇ ಬೇಕಾಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗಾದರೆ ರಾಕೆಟ್ ಜೊತೆಗೇ ಹಡಗಿನ ವಿನ್ಯಾಸವೂ ಇವತ್ತೇ ಶುರುವಾಗಬೇಕು. ಏಪ್ರಿಲ್-ಮೇನಲ್ಲಿ ಒಮ್ಮೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಇನ್ನೊಮ್ಮೆ ಚಂಡಮಾರುತ ಏಳುವ ಕಡಲು ಅದು. ನಡುವೆ ಮುಂಗಾರಿನ ಅಲೆ. ವರ್ಷದಲ್ಲಿ ಎಷ್ಟು ದಿನ ಅಲ್ಲಿ ಡೆಕ್ ಅಲುಗದೆ ನಿಂತೀತು, ಇಳಿದ ಬೂಸ್ಟರನ್ನು ಯಾವ ಬಂದರಿಗೆ ತರುವುದು, ಇಳಿಯುವ ದಿನ ಆಂಧ್ರ–ತಮಿಳುನಾಡಿನ ಮೀನುಗಾರರ ದೋಣಿಗಳಿಗೆ ಎಷ್ಟು ಮೊದಲು ತಿಳಿಸುವುದು, ಕೆಲಸ ನಿಂತ ದಿನಕ್ಕೆ ಅವರಿಗೆ ಏನು ಕೊಡುವುದು: ಈ ಲೆಕ್ಕಗಳನ್ನು ಇಸ್ರೋ ಎಂಜಿನ್ ಪರೀಕ್ಷೆಯಷ್ಟೇ ಶ್ರದ್ಧೆಯಿಂದ ಮಾಡಿ ಜನರ ಮುಂದಿಡಬೇಕು.